ಹಿಂದಿನ ಸೀಟಿನ ಅಕ್ಕಿಮುಡಿ

ಕಾಪು, ೧೨ ನವೆಂಬರ್ ೧೯೮೧, ಗುರುವಾರ

ಹಳೆಯ ಫಿಯೆಟ್‌ಗೆ ಹೊಸ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಹಾಕಿಸಿದರೂ ಕುಲುಕಾಟ ಹೋಗಲಿಲ್ಲ. ಮಣಿಪಾಲದ ಆಸ್ಪತ್ರೆಗೆ ಹೋಗುವಾಗ ಪ್ರತಿ ಹೊಂಡಕ್ಕೂ ಯಜಮಾನರು ಬೆನ್ನಿನ ನೋವಿಗೆ ಹೆಗಲ ಮೇಲಿನ ಬೈರಾಸಿನ ತುದಿ ಕಚ್ಚುತ್ತಾರೆ. ಆರು ಜನ ಕೂತು ಇಗರ್ಜಿಗೆ ಹೋಗುವ ಕಾರು ತಗ್ಗಬಾರದೆಂದು ನಾನೇ ಗಟ್ಟಿ ಸ್ಪ್ರಿಂಗ್ ಆರಿಸಿದ್ದೆ.

"ಭಾರ ಇಲ್ಲದಿದ್ದರೆ ಈ ಸ್ಪ್ರಿಂಗ್ ಕೂರುವುದಿಲ್ಲ, ಕುಲುಕುತ್ತದೆ ಬಾಯಮ್ಮ," ಎಂದಿದ್ದ ಮೆಕ್ಯಾನಿಕ್ ವಿಠಲ.

ಅದಕ್ಕೆ ಇಂದು ಹಿಂದಿನ ಸೀಟಿನಲ್ಲಿ ಇವರ ಪಕ್ಕಕ್ಕೆ ಬೈಹುಲ್ಲು ಸುತ್ತಿ ಕಟ್ಟಿದ, ನಲವತ್ತು ಕಿಲೋದ ಒಂದು ಅಕ್ಕಿಮುಡಿ ಇಡಿಸಿದೆ.

"ಇದೆಂತ ಝೀಟಾ, ಯಾರ ಮದುವೆ ಉಂಟು?" ಎಂದು ನಕ್ಕರು.

"ಸುಮ್ಮನೆ ಕೂತುಕೊಳ್ಳಿ," ಎಂದೆ.

ಕಾರು ನಿಜವಾಗಿಯೂ ಮೆತ್ತಗೆ ಹೋಯಿತು. ಕಟಪಾಡಿ ದಾಟುವಷ್ಟರಲ್ಲಿ ಮುಡಿಗೆ ಒರಗಿ ನಿದ್ದೆ ಹೋಗಿದ್ದರು. ಆ ಮುಡಿಯೂ ಇವರೂ ಸೇರಿದರೆ ಮೊದಲಿನ ಇವರೊಬ್ಬರ ತೂಕ ಆದೀತೋ ಇಲ್ಲವೋ.

ಡಾಕ್ಟರು ನನ್ನನ್ನು ಹೊರಗೆ ಕರೆದು, "ಇನ್ನು ಅವರನ್ನು ಇಷ್ಟು ದೂರ ಕರೆತರಬೇಡಿ ಅಮ್ಮ," ಎಂದರು. ಯಾಕೆಂದು ನಾನು ಕೇಳಲಿಲ್ಲ. ಡಾಕ್ಟರೆದುರು ಅಳಲೂ ಇಲ್ಲ.

ಮನೆಗೆ ಬಂದು ಇಳಿಯುವಾಗ ಇವರೆಂದರು, "ಸೋಮವಾರ ಆಸ್ಪತ್ರೆಗೆ ಹೋಗುವಾಗಲೂ ಮುಡಿ ಅಲ್ಲೇ ಇರಲಿ, ಆಯ್ತಾ? ಒಳ್ಳೆಯದಾಯಿತು."

ಇರಲಿ ಎಂದೆ. ಕೆಲಸದವಳು ಅದನ್ನು ಇಳಿಸಲು ಹೋದಾಗ ಗದರಿಸಿ ಕಳಿಸಿದೆ. ಸೋಮವಾರ ಬೆಳಿಗ್ಗೆ ಇವರು ಅಂಗಿ ತೊಟ್ಟು ಜಗಲಿಯಲ್ಲಿ ಕಾದು ಕೂತರೆ ನಾನು ಏನೆಂದು ಹೇಳಲಿ?