ಎಷ್ಟು ತಿಂಗಳು ಎಂದು ಕೇಳಿದರು

ಮುಂಡರಗಿ
22 ಜೂನ್ 2025, ಭಾನುವಾರ

ಮುದ್ದು ವಾಣಿಶ್ರೀಗೆ,

ಅವ್ವನ ಪ್ರೀತಿ, ಮತ್ತು ಅವ್ವನ ಸಿಟ್ಟು. ಯಾವುದು ಮೊದಲು ಎಂದು ಈ ಹೊತ್ತು ಹೇಳಲಾರೆ.

ನಿನ್ನೆ ಸಂಜೆ ನಾನು ಮಾತಿನ ನಡುವೆಯೇ ಫೋನ್ ಇಟ್ಟ ಮೇಲೆ ನೀನು ಮತ್ತೆ ಮತ್ತೆ ಕರೆ ಮಾಡಿದ್ದು ಗೊತ್ತು. ಬೇಕೆಂದೇ ಎತ್ತಲಿಲ್ಲ. ಎತ್ತಿದ್ದರೆ ಅಳುತ್ತಿದ್ದೆ. ನೀನು 'ಅಳಬ್ಯಾಡ ಬೇ' ಎನ್ನುತ್ತಿದ್ದೆ. ಹೇಳಬೇಕಾದ್ದು ಹಾಗೇ ಉಳಿಯುತ್ತಿತ್ತು. ಕಾಗದದಲ್ಲಾದರೆ ನನ್ನನ್ನು ನಡುವೆ ಯಾರೂ ತಡೆಯುವುದಿಲ್ಲ. ಧಾರವಾಡದ ನಿನ್ನ ಹಾಸ್ಟೆಲ್ಲಿಗೆ ಇದು ಬಂದಾಗ ಬಾಗಿಲು ಹಾಕಿಕೊಂಡು ಪೂರ್ತಿ ಓದು.

ಆ ಅಂಗಿ ತಂದವಳು ನೀನು. ಯುಗಾದಿಗೆ ಬರುವಾಗ ಹುಬ್ಬಳ್ಳಿಯಿಂದ ತಂದಿದ್ದೆ. ನೀಲಿ ಕಾಟನ್ನು, ಬಿಳಿ ಚುಕ್ಕಿ, ಎದೆಯ ಕೆಳಗಿನಿಂದಲೇ ನೆರಿಗೆ ಬಿಟ್ಟು ಮೀನಖಂಡದವರೆಗೆ ಅಗಲವಾಗಿ ಇಳಿಯುವಂಥದ್ದು. ಎರಡು ಕಡೆ ಜೇಬು ಬೇರೆ. ನಾನು ಎತ್ತಿ ಹಿಡಿದು, "ಇದೇನ ವಾಣಿ, ಬಸುರಿ ಹೆಂಗಸರ ಅಂಗಿ ಇದ್ದಂಗ ಐತಲ್ಲ!" ಎಂದಿದ್ದೆ. ನೀನು ಬಿದ್ದು ಬಿದ್ದು ನಕ್ಕೆ. "ಈಗ ಇದ ಫ್ಯಾಷನ್ ಬೇ. ನಮ್ಮ ಹಾಸ್ಟೆಲ್‌ನ್ಯಾಗ ಎಲ್ಲಾರೂ ಇಂಥಾವ ಹಾಕ್ಕೋತಾರ. ಯಾರ್ನೂ ಯಾರೂ ಕೇಳಂಗಿಲ್ಲ" ಎಂದೆ.

ನಿನ್ನ ಹಾಸ್ಟೆಲ್ಲಿನಲ್ಲಿ ಕೇಳುವುದಿಲ್ಲ. ಇಲ್ಲಿ ಕೇಳಿದರು.

ನಿನಗೆ ಹೇಳದ ಒಂದು ಸಂಗತಿ ಇದೆ. ಮಗಳಿಗೆ ಯಾಕೆ ಇದೆಲ್ಲ ಎಂದು ಸುಮ್ಮನಿದ್ದೆ. ಹೋದ ವರ್ಷದಿಂದ ನನ್ನ ಮುಟ್ಟು ಹಿಂದುಮುಂದಾಗುತ್ತಿದೆ. ತರಗತಿಯಲ್ಲಿ ಪಾಠ ಮಾಡುತ್ತಿದ್ದಂತೆ ಎದೆಯಿಂದ ಕಾವು ಎದ್ದು ಮುಖಕ್ಕೆ ಏರುತ್ತದೆ. ಬೆನ್ನೆಲ್ಲ ಬೆವರು. ಸೀರೆಯ ನೆರಿಗೆಯನ್ನು ಕಿತ್ತೆಸೆಯಬೇಕು ಅನ್ನಿಸುತ್ತದೆ. ಗದಗಿನಲ್ಲಿ ಹೆಂಗಸರ ಡಾಕ್ಟರಿಗೆ ತೋರಿಸಿದೆ. "ನಿಲ್ಲೂ ಕಾಲ ಬಂತ್ರಿ, ಎಲ್ಲಾರಿಗೂ ಬರೂದ. ಸಡಿಲ ಅರಿವಿ ಹಾಕ್ಕೊಳ್ರಿ, ಮೈಗೆ ಗಾಳಿ ಆಡಲಿ" ಎಂದರು. ನೀನು ತಂದ ಅಂಗಿಯಲ್ಲಿ ನಿಜವಾಗಿಯೂ ಗಾಳಿ ಆಡುತ್ತಿತ್ತು. ಶಾಲೆಗೆ ಸೀರೆ, ಮನೆಗೆ ಬಂದೊಡನೆ ಅದು. ಸಂತೆಗೂ ಅದನ್ನೇ ಹಾಕಿಕೊಂಡು ಹೋದೆ. ಜೇಬಿನಲ್ಲಿ ಕೀಲಿಕೈ ಇಟ್ಟುಕೊಂಡು ಕೈ ಬೀಸಿ ನಡೆಯುವ ಸುಖ ನನಗೆ ಈ ವಯಸ್ಸಿನಲ್ಲಿ ಸಿಕ್ಕಿತು.

ಎರಡನೆಯ ಸಲ ಗದಗಿಗೆ ಹೋದಾಗ ಆ ಅಂಗಿಯಲ್ಲೇ ಹೋಗಿದ್ದೆ. ನಮ್ಮ ಓಣಿಯ ಮಲ್ಲವ್ವ ತುಂಬು ಬಸುರಿ ಸೊಸೆಯನ್ನು ತೋರಿಸಲು ಅದೇ ಆಸ್ಪತ್ರೆಗೆ ಬಂದಿದ್ದಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಅಕ್ಕಾರ, ಮೈ ತುಂಬಕೊಂಡೀರಿ ಬಿಡ್ರಿ" ಎಂದಳು. ದಪ್ಪಗಾಗಿದ್ದೇನೆ ಎನ್ನುತ್ತಿದ್ದಾಳೆ ಅಂದುಕೊಂಡು ನಾನೂ ನಕ್ಕೆ. ಮರುವಾರ ಉಪ್ಪಿನಕಾಯಿಗೆಂದು ಚೀಲ ತುಂಬ ಹುಳಿ ಮಾವಿನಕಾಯಿ ಹೊತ್ತುಕೊಂಡು ಅವಳ ಬಾಗಿಲ ಮುಂದೆಯೇ ಬಂದೆ. ಮಲ್ಲವ್ವನಿಗೆ ಇನ್ನೇನು ಬೇಕು? ಗಂಡ ಸತ್ತು ಆರು ವರ್ಷ, ಹೆಂಗಸರ ಆಸ್ಪತ್ರೆ, ಅಗಲದ ಅಂಗಿ, ಹುಳಿ ಮಾವಿನಕಾಯಿ. ನನ್ನ ಮೈ ಹೆರುವ ಬಾಗಿಲನ್ನೇ ಮುಚ್ಚುತ್ತಿರುವ ಹೊತ್ತಿಗೆ ಇವರೆಲ್ಲ ಸೇರಿ ನನಗೆ ತೊಟ್ಟಿಲು ಕಟ್ಟಿದ್ದರು.

ಖಬರು ಹಿರೇವಡ್ಡಟ್ಟಿಯ ನಿನ್ನ ದೊಡ್ಡಪ್ಪನ ಮನೆ ಮುಟ್ಟಿತು. ಹೋದ ಭಾನುವಾರ ಬೆಳಿಗ್ಗೆ ಉಳವಪ್ಪ ಭಾವನವರು ಸಾವಿತ್ರೆವ್ವಕ್ಕನನ್ನು ಕರೆದುಕೊಂಡು ಬಂದರು. ನಾನು ಅದೇ ಅಂಗಿಯಲ್ಲಿ ಬಾಗಿಲು ತೆರೆದೆ. ಭಾವ ಒಳಗೆ ಬಂದರೂ ಕುಳಿತುಕೊಳ್ಳಲಿಲ್ಲ. ಚಹಾ ಬೇಡ, ನೀರೂ ಬೇಡ ಎಂದರು. ನನ್ನ ಮುಖ ನೋಡದೆ, ಹೊಟ್ಟೆಯ ನೆರಿಗೆ ನೋಡುತ್ತ, "ಎಷ್ಟ ತಿಂಗಳಾತು?" ಎಂದು ಕೇಳಿದರು.

ನನಗೆ ತಿಳಿಯಲೇ ಇಲ್ಲ ವಾಣಿ. "ಯಾವುದಕ್ಕ ಭಾವಾರ?" ಎಂದೆ. ಅಕ್ಕ ತಲೆ ತಗ್ಗಿಸಿದಳು. ಆಗ ತಿಳಿಯಿತು. ತಿಳಿದ ಕೂಡಲೇ ನಗು ಬಂತು, ತಡೆದುಕೊಳ್ಳಲಾಗಲಿಲ್ಲ.

"ನಗೂ ಮಾತಲ್ಲ ಇದು. ಯಾರಂವಾ?"

"ಯಾರೂ ಇಲ್ರಿ. ಏನೂ ಇಲ್ಲ. ಇದು ವಾಣಿ ತಂದ ಅಂಗಿ, ಸಡಿಲ ಐತಿ ಅಷ್ಟ."

"ಹಂಗಾರ ನಡಿ, ಗದಗಿಗೆ ಹೋಗೂಣು. ಡಾಕ್ಟರ್ ಕಡಿಂದ ಒಂದ ಚೀಟಿ ಬರಸ್ಕೊಂಡ ಬರೂಣು. ಊರಾಗ ನಾಕ ಮಂದಿಗೆ ತೋರಸ್ತೀನಿ. ಅಲ್ಲಿಗೆ ಮುಗೀತು."

ನಗು ನಿಂತುಹೋಯಿತು. ನಾಲ್ಕು ಮಂದಿ! ಕಟ್ಟೆಯ ಮೇಲೆ ಎಲೆ-ಅಡಿಕೆ ಹಾಕಿಕೊಂಡು ಕೂತ ನಾಲ್ಕು ಗಂಡಸರ ಕೈಯಲ್ಲಿ ನನ್ನ ಹೊಟ್ಟೆಯ ಚೀಟಿ. ಎರಡೂ ಕೈಗಳನ್ನು ಜೇಬಿನಲ್ಲಿ ಇಟ್ಟುಕೊಂಡೆ.

"ಇಲ್ಲಾಂತ ನಾ ಹೇಳಿದ್ದು ಸಾಲಂಗಿಲ್ಲೇನ್ರಿ?" ಎಂದು ಕೇಳಿದೆ.

"ಖರೇನ ಇಲ್ಲಂದ್ರ ತೋರಸಾಕ ಏನ ಅಂಜಿಕಿ?"

"ಅಂಜಿಕಿ ಅಲ್ರಿ. ನಾ ಬರಂಗಿಲ್ಲ."

ಆಗ ಅವರು ಅಕ್ಕನ ಕಡೆ ತಿರುಗಿ, "ಒಳಗ ಕರ್ಕೊಂಡ ಹೋಗು. ಮುಟ್ಟಿ ನೋಡು" ಎಂದರು. ಹಟ್ಟಿಯ ಎಮ್ಮೆಯ ವಿಷಯದಲ್ಲಿ ಮಾತಾಡುವ ದನಿಯಲ್ಲೇ ಎಂದರು.

ಅಡುಗೆಮನೆಯಲ್ಲಿ ನಾವಿಬ್ಬರೂ ನಿಂತೆವು. ಅಕ್ಕ ಕೈ ಮುಂದೆ ಮಾಡಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ನಾ ಮುಟ್ಟಂಗಿಲ್ಲ ತಂಗಿ, ಇಂಥಾದ್ದನ್ನ ನನ್ನ ಕೈಲೆ ಮಾಡಸ್ಬ್ಯಾಡ" ಎಂದಳು, ನಾನೇ ಹೇಳಿದ್ದೆನೋ ಎಂಬಂತೆ. ಮುಟ್ಟಿ ನೋಡಲು ಬೇಕಾಗುವಷ್ಟು ಹೊತ್ತು ಕಳೆದು ಹೊರಗೆ ಹೋಗಿ, "ನೋಡೀನ್ರಿ. ಏನೂ ಇಲ್ಲ. ನಡೀರಿ" ಎಂದುಬಿಟ್ಟಳು.

ಅಲ್ಲಿಗೇ ಮುಗಿಯುತ್ತಿತ್ತು. ಭಾವನ ಮುಖ ಸಡಿಲಾಗಿತ್ತು. ನಾನು ಸುಮ್ಮನಿದ್ದರೆ ಚಹಾ ಕುಡಿದು ಹೋಗುತ್ತಿದ್ದರು. ಆದರೆ ನನಗೆ ಆಗಲಿಲ್ಲ. ಇಪ್ಪತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು, ನಿನ್ನ ಅಪ್ಪ ಹೋದ ಮೇಲೆ ಯಾರ ಮುಂದೂ ಕೈ ಚಾಚದೆ ನಿನ್ನನ್ನು ಓದಿಸಿದವಳು ನಾನು. ನನ್ನ ಮಾತಿಗೆ ಬೆಲೆಯಿಲ್ಲ, ಇನ್ನೊಬ್ಬಳು ಮುಟ್ಟಿ ನೋಡಿ ಹೇಳಿದರೆ ಬೆಲೆ! ಹೊರಗೆ ಬಂದು, "ಅಕ್ಕ ನೋಡಿಲ್ರಿ. ಕೈ ಸುದ್ದಾ ಹಚ್ಚಿಲ್ಲ. ನಿಮಗ ನನ್ನ ಮಾತಿನ ಮ್ಯಾಲೆ ನಂಬಿಕಿ ಇದ್ರ ಇರಲಿ, ಇಲ್ಲಂದ್ರ ಇಲ್ಲ" ಎಂದೆ.

ಅಕ್ಕ ನನ್ನನ್ನು ನೋಡಿದ ನೋಟ ಮರೆಯಲಾರೆ. ನನ್ನನ್ನು ಕಾಪಾಡಲು ಗಂಡನ ಮುಂದೆ ಸುಳ್ಳು ಹೇಳಿದ್ದಳು, ಪಾಪ. ದಾರಿಯುದ್ದಕ್ಕೂ ಅವಳು ಎಷ್ಟು ಬೈಸಿಕೊಂಡಳೋ. ಅವಳ ಬಗ್ಗೆ ಮಾತ್ರ ನನಗೆ ಕಸಿವಿಸಿ ಇದೆ. ಉಳಿದದ್ದರ ಬಗ್ಗೆ ಇಲ್ಲ.

"ಹಂಗಾರ ಇನ್ನ ನಮ್ಮ ಹೊಸ್ತಿಲಾ ತುಳೀಬ್ಯಾಡ" ಎಂದು ಹೇಳಿ ಭಾವ ಇಳಿದು ಹೋದರು. ನಾನು ಬಾಗಿಲು ಹಾಕಿಕೊಂಡು ಅಳಲಿಲ್ಲ. ಚೀಲ ತಗೊಂಡು ಆ ಅಂಗಿಯಲ್ಲೇ ಕಾಯಿಪಲ್ಲೆ ಪೇಟೆಗೆ ಹೋದೆ. ಬದನೆಕಾಯಿ ಆರಿಸುವಾಗ ಪಕ್ಕದಲ್ಲಿದ್ದವರು ಮಾತು ನಿಲ್ಲಿಸಿದರು. ಬರುವಾಗ ಮಲ್ಲವ್ವನ ಮನೆಯ ಮುಂದೆ ನಿಂತು, "ಮಲ್ಲವ್ವಾ, ಏನರ ಕೇಳೂದಿದ್ರ ನನ್ನ ಕೇಳವಾ, ಹಿರೇವಡ್ಡಟ್ಟಿಗೆ ಯಾಕ ಕೇಳಸ್ತಿ?" ಎಂದೆ. "ಅಯ್ಯ, ನಾ ಯಾರ ಮುಂದೂ ಏನೂ ಅಂದಿಲ್ರಿ ಅಕ್ಕಾರ" ಎಂದು ಒಳಗೆ ಹೋದಳು. ಈಗ ಅವಳು ಬೇರೆ ಹೇಳುತ್ತಿದ್ದಾಳಂತೆ: ಟೀಚರು ಬಸಿರು ತೆಗೆಸಿಕೊಂಡು ಬಂದಳು, ಅದಕ್ಕೇ ಇಷ್ಟು ಧೈರ್ಯ, ಎಂದು. ನೋಡು, ನಾನು ಚೀಟಿ ತಂದಿದ್ದರೆ ಏನಾಗುತ್ತಿತ್ತು? ಹೊಟ್ಟೆ ಬಂದರೂ ಅದೇ, ಬರದಿದ್ದರೂ ಅದೇ.

ನಿನ್ನ ಓರಿಗೆಯ ಹುಡುಗಿ ತೊಟ್ಟರೆ ಫ್ಯಾಷನ್ನು. ಅದೇ ಅಂಗಿಯನ್ನು ಮಲ್ಲವ್ವನ ಸೊಸೆ ತೊಟ್ಟರೆ ಆರತಿ ಎತ್ತುತ್ತಾರೆ. ನಾನು ತೊಟ್ಟರೆ ಮನೆತನದ ಮರ್ಯಾದೆ ಹೋಗುತ್ತದೆ. ಬಟ್ಟೆಯಲ್ಲಿ ತಪ್ಪು ಎಲ್ಲಿದೆ, ನೀನೇ ಹೇಳು.

ಇಷ್ಟೆಲ್ಲವನ್ನೂ ನಾನು ತಡೆದುಕೊಂಡೆ. ತಡೆದುಕೊಳ್ಳಲಾಗದ್ದು ನಿನ್ನೆಯದು. ದೊಡ್ಡಪ್ಪ ನಿನಗೂ ಫೋನ್ ಮಾಡಿದ್ದರಂತೆ. ನೀನು, "ಒಮ್ಮಿ ತೋರಿಸಿ ಬಂದಬಿಡಬೇಕಿತ್ತ ಬೇ, ಅವರ ಬಾಯಿ ಮುಚ್ಚಿಸಿದಂಗ ಆಗ್ತಿತ್ತು" ಎಂದೆ. ಅದನ್ನೂ ಸಹಿಸಿದೆ, ಸಣ್ಣವಳು ಎಂದು. ಆಮೇಲೆ ದನಿ ಇಳಿಸಿ, "ಖರೇನ ಏನೂ ಇಲ್ಲಲ್ಲ?" ಎಂದು ಕೇಳಿದೆ.

ವಾಣಿ, ನನ್ನ ಕೈಯಲ್ಲಿ ಅಂಗಿಯಿಟ್ಟು ನಕ್ಕವಳು ನೀನು. ನೀನೂ ಕೇಳಿದೆಯಲ್ಲ. ಭಾವ ಕೇಳಿದ್ದಕ್ಕೆ ಸಿಟ್ಟು ಬಂತು. ನೀನು ಕೇಳಿದ್ದಕ್ಕೆ ಆ ಹೊತ್ತು ಸಿಟ್ಟೂ ಬರಲಿಲ್ಲ. ಉತ್ತರ ಹೇಳದೆ ಫೋನ್ ಇಟ್ಟೆ. ಈಗಲೂ ಹೇಳುವುದಿಲ್ಲ. ಮೇಲೆ ಬರೆದದ್ದನ್ನು ನಂಬಿದರೆ ನಂಬು.

ನೀನು ನನ್ನ ಮಗಳು, ನಿನ್ನನ್ನು ಬಿಟ್ಟು ನನಗೆ ಊಟ ಸೇರುವುದಿಲ್ಲ. ಮಾವಿನಕಾಯಿ ಉಪ್ಪಿನಕಾಯಿ ಭರಣಿ ತುಂಬಿಟ್ಟಿದ್ದೇನೆ. ಬಂದು ಒಯ್ಯಿ. ಆದರೆ ಬರುವಾಗ ಆ ಪ್ರಶ್ನೆಯನ್ನು ಅಲ್ಲೇ ಬಿಟ್ಟು ಬಾ.

ನಿನ್ನ ಅವ್ವ,
ಲಕ್ಷ್ಮೀದೇವಿ

ತಾ.ಕ.: 'ಯಾರಂವಾ' ಎಂದು ಭಾವ ಕೇಳಿದಾಗ ಯಾರೂ ಇಲ್ಲ ಎಂದೆನಲ್ಲ, ಆ ದಿನಕ್ಕೆ ಅದು ಖರೆ. ಶಿರಹಟ್ಟಿಯ ಮೌನೇಶ ಮಾಸ್ತರರ ಹೆಸರನ್ನು ನಿನಗೆ ಇದುವರೆಗೆ ಹೇಳಿಲ್ಲ. ಗದಗಿನಲ್ಲಿ ಪೇಪರ್ ತಿದ್ದಲು ಹೋದಾಗ ಪರಿಚಯ. ಹೆಂಡತಿ ತೀರಿಕೊಂಡು ಬಹಳ ದಿನವಾಯಿತು. ಹೋದ ದೀಪಾವಳಿಯಲ್ಲಿ ಅವರು, ನಾವಿಬ್ಬರೂ ಮದುವೆ ಆಗೋಣವೇ ಎಂದು ಕೇಳಿದ್ದರು. "ಮಂದಿ ಏನಂದಾರ್ರಿ" ಎಂದು ನಾನು ಬೇಡವೆಂದೆ. ಅವರು ಮತ್ತೆ ಕೇಳಲಿಲ್ಲ. ಈ ಹೊತ್ತು ಬೆಳಿಗ್ಗೆ ನಾನೇ ಫೋನ್ ಮಾಡಿದೆ. ಮಂದಿ ಅನ್ನುವುದೆಲ್ಲ ಅಂದು ಮುಗಿಸಿದ್ದಾರೆ, ಇನ್ನು ಅನ್ನಲು ಏನೂ ಉಳಿದಿಲ್ಲ, ಆಗಬಹುದು ಎಂದು ಹೇಳಿದೆ. ನಿನ್ನ ಒಪ್ಪಿಗೆ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ. ನಿನ್ನ ದೊಡ್ಡಪ್ಪನಿಗೆ ನೀನು ಹೇಳಬೇಡ. ನಾನೇ ಹಿರೇವಡ್ಡಟ್ಟಿಗೆ ಹೋಗಿ, ಅವರ ಹೊಸ್ತಿಲ ಹೊರಗೆ ನಿಂತು ಹೇಳುತ್ತೇನೆ.