ಕಂಟೇನರಿಗೆ ಮಡಿಲು ತುಂಬಿದ ತಪ್ಪಿಗೆ

ರಫ್ತು ಮತ್ತು ಸುಂಕದ ಕಡತಗಳನ್ನು ಕಾಯುತ್ತಿರುವ ಮಾನ್ಯ ಅಧಿಕಾರಿಗಳೇ,

ಒಂದು ತೆಂಗಿನಕಾಯಿಯ ದೆಸೆಯಿಂದ ನನ್ನ ಕಂಟೇನರ್ ಪರದೇಶದ ಬಂದರಿನಲ್ಲಿ ನಲವತ್ತೊಂದು ದಿನದಿಂದ ನಿಂತಿದೆ. ಅದು ತೆಂಗಿನಕಾಯಿ ಎಂದು ಒಂದು ಸಾಲು ಬರೆದುಕೊಡಿ ಎಂದು ನಿಮ್ಮನ್ನು ನಾಲ್ಕು ಸಲ ಕೇಳಿದೆ. ನಾಲ್ಕು ಸಲವೂ ನೀವು ಹೆಚ್ಚಿನ ಮಾಹಿತಿ ಕೇಳಿದಿರಿ. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬೇಡ ಎಂದು ಹಿರಿಯರು ಬುದ್ಧಿ ಹೇಳಿಯೇ ಹೋಗಿದ್ದಾರೆ. ಆದರೂ ಹೇಳುತ್ತೇನೆ, ಊರಿಗೆಲ್ಲ ಕೇಳುವ ಹಾಗೆ.

ನಾನು ಹಂದನಕೆರೆಯ ಪಕ್ಕದಲ್ಲಿ ಒಂದು ಸಣ್ಣ ಘಟಕ ನಡೆಸುತ್ತೇನೆ. ತೆಂಗಿನ ಸಿಪ್ಪೆಯಿಂದ ನಾರು ತೆಗೆದ ಮೇಲೆ ಉಳಿಯುವ ಪುಡಿಯನ್ನು ತೊಳೆದು, ಒಣಗಿಸಿ, ಯಂತ್ರದಲ್ಲಿ ಒತ್ತಿ ಇಟ್ಟಿಗೆ ಮಾಡುತ್ತೇವೆ. ಒಂಬತ್ತು ಹೆಂಗಸರ ಕೆಲಸ. ಸಮುದ್ರದಾಚೆಯ ಆ ದೊಡ್ಡ ದೇಶದವರು ಇಟ್ಟಿಗೆಯನ್ನು ನೀರಲ್ಲಿ ನೆನೆಸಿ, ಕುಂಡಕ್ಕೆ ತುಂಬಿ ಹೂವು ಬೆಳೆಯುತ್ತಾರೆ. ಕಳೆದ ವರ್ಷ ಆ ದೇಶ ಇದರ ಮೇಲೆ ನೂರಕ್ಕೆ ಐವತ್ತು ಸುಂಕ ಹೇರಿತು. ಎರಡು ಸರ್ಕಾರಗಳ ನಡುವೆ ಏನೋ ಮುನಿಸಂತೆ. ದೊಡ್ಡವರು ಮುನಿಸಿಕೊಂಡರೆ ಹೂವಿನ ಕುಂಡಕ್ಕೆ ಯಾಕೆ ದಂಡ? ಹೆಚ್ಚಿನ ಬೆಲೆ ತೆರುವವಳು ಅಲ್ಲಿ ಕುಂಡ ಕೊಳ್ಳುವ ಯಾರೋ ಅಜ್ಜಿ. ಆರ್ಡರ್ ಕಳೆದುಕೊಳ್ಳುವವಳು ಇಲ್ಲಿ ನಾನು. ಮುನಿಸಿಕೊಂಡವರು ಇಬ್ಬರೂ ಕ್ಷೇಮವಾಗಿದ್ದಾರೆ. ನಮ್ಮ ಖರೀದಿದಾರ ಮಾತ್ರ ಪಾಪ, ಇದೊಂದು ಕಂಟೇನರನ್ನು ಹೇಗೋ ಬಿಡಿಸಿಕೊಳ್ಳುತ್ತೇನೆ, ಮಾರಾಟವಾದರೆ ಮುಂದಿನ ವರ್ಷವೂ ಕಳಿಸಿ ಎಂದ.

ಕಂಟೇನರ್ ಹೊರಟ ದಿನ ತಪ್ಪು ನಡೆದದ್ದು ನಿಜ. ನಮ್ಮಲ್ಲಿ ಮೊದಲ ದಿನದಿಂದ ದುಡಿಯುತ್ತಿರುವ ಹನುಮಕ್ಕ, ಕಂಟೇನರಿನ ಬಾಗಿಲ ಬಳಿಯ ಪೆಟ್ಟಿಗೆಯೊಳಗೆ ಎಲೆ ಅಡಿಕೆ, ಅರಿಸಿನ ಕುಂಕುಮ, ಒಂದು ಹಿಡಿ ಅಕ್ಕಿ, ಜೊತೆಗೆ ಅಟ್ಟದಲ್ಲಿ ವರ್ಷವಿಡೀ ಒಣಗಿದ ಒಂದು ಜುಟ್ಟಿನ ಕಾಯಿ ಇಟ್ಟುಬಿಟ್ಟಿದ್ದಳು. ಆಮೇಲೆ ಕೇಳಿದರೆ, "ಅಷ್ಟು ದೂರ ಹೋಯ್ತಾ ಐತೆ, ಬರಿಗೈಲಿ ಕಳಿಸ್ತಾರಾ ವನಜಕ್ಕ? ಹೆಣ್ಮಗಳಿಗೆ ಮಡ್ಲು ತುಂಬಿ ಕಳಿಸಲ್ವಾ? ಅಲ್ಲಾಡಿಸಿ ನೋಡೇ ಇಟ್ಟಿವ್ನಿ, ಗಡಗಡ ಅಂತೈತೆ" ಎಂದಳು. ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಅಂದರೆ ನಮ್ಮ ಸೀಮೆಯಲ್ಲಿ ಅದಕ್ಕಿಂತ ಶುಭದ ಸದ್ದಿಲ್ಲ. ಅಲ್ಲಿ ಅದೇ ಸದ್ದಿಗೆ ಬಾಂಬು ನಿಷ್ಕ್ರಿಯ ದಳ ಓಡಿ ಬಂತು.

ಅಲ್ಲಿನ ಸುಂಕದವರು ನಿಮಗೆ ಬರೆದರು, ನೀವು ನನಗೆ ಬರೆದಿರಿ. "ಸದರಿ ವಸ್ತುವು ದುಂಡಾಗಿದ್ದು, ತಲೆಯಲ್ಲಿ ಕೂದಲು ಹಾಗೂ ಮೂರು ಕಣ್ಣುಗಳನ್ನು ಹೊಂದಿದ್ದು, ಅಲ್ಲಾಡಿಸಿದಲ್ಲಿ ಶಬ್ದ ಮಾಡುತ್ತಿದ್ದು, ಇದರ ಉದ್ದೇಶವನ್ನು ಏಳು ದಿನಗಳೊಳಗೆ ವಿವರಿಸತಕ್ಕದ್ದು." ಮಾನ್ಯರೇ, ಆಯುಧಪೂಜೆಯ ದಿನ ನಿಮ್ಮ ಜೀಪಿನ ಮುಂದೆ ಏನು ಒಡೆಯುತ್ತೀರಿ? ಅದರ ಉದ್ದೇಶವನ್ನು ಯಾರಾದರೂ ಕೇಳಿದ್ದಾರೆಯೇ? ವಿವರಣೆ ಕೊಡಲು ಫೋನ್ ಮಾಡಿದರೆ ನಿಮ್ಮ ಗುಮಾಸ್ತರು, "ಗಿಫ್ಟೋ ಸ್ಯಾಂಪಲ್ಲೋ ಒಂದ್ ಹೇಳ್ಬುಡಿ ಮೇಡಂ, ಮಡಿಲು ಅಂತ ಕಾಲಂ ಇಲ್ಲ" ಎಂದರು. ಮುಂದಿನ ವಾರ ಆ ಕಾಯಿ ಬಿಟ್ಟ ಮರದ ಪಹಣಿ ಕೇಳಿದರು. ತೋಟಕ್ಕೆ ಪಹಣಿ ಇರುತ್ತದೆ ಸ್ವಾಮಿ, ಮರಮರಕ್ಕೂ ಎಲ್ಲಿಂದ ತರಲಿ?

ಕೊನೆಗೆ ಬಾಂಬಲ್ಲ ಎಂದು ಆ ದೇಶದವರಿಗೆ ಖಾತ್ರಿಯಾಯಿತು. ಹಾಗಾದರೆ ಅದಕ್ಕೂ ನೂರಕ್ಕೆ ಐವತ್ತು ಸುಂಕ, ಜೊತೆಗೆ ಅದೇನೆಂದು ನಿಮ್ಮ ದೃಢೀಕರಣವೂ ಬೇಕು ಎಂದರು. ಊಟದ ಹೊತ್ತಿನಲ್ಲಿ ಇದನ್ನು ಹೇಳಿದೆ. "ಅರ್ಧ ತಾನೆ?" ಎಂದಳು ಹನುಮಕ್ಕ. "ಗುಡೀಲಿ ಪೂಜಾರಪ್ಪನೂ ಒಂದು ಹೋಳು ಮಡಿಕ್ಕಂಡೇ ಕೊಡಾದು. ಒಡ್ದು ಅವ್ರೊಂದು ಹೋಳು ಇಟ್ಕೊಳ್ಳಿ, ಇನ್ನೊಂದು ಪ್ರಸಾದ ಅಂತ ಕಳಿಸ್ಲಿ ಬುಡಿ." ಮೂರನೆಯ ಮನವಿಯಲ್ಲಿ ಇದನ್ನೇ ಬರೆದೆ. ಹೋಳಿನ ತೂಕವನ್ನು ಗ್ರಾಂಗಳಲ್ಲಿ ತಿಳಿಸಿ ಎಂದು ಉತ್ತರ ಬಂತು. ನಮ್ಮ ಪೂಜಾರಪ್ಪನೂ ತಲೆತಲಾಂತರದಿಂದ ನೂರಕ್ಕೆ ಐವತ್ತೇ ಹಿಡಿಯುತ್ತಿದ್ದಾರೆ, ಯಾವ ಊರೂ ಅವರ ಮೇಲೆ ಮುನಿದಿಲ್ಲ. ಉಳಿದರ್ಧವನ್ನು ಕೈಗಿಟ್ಟು, ಮಕ್ಕಳು ಹೇಗಿದ್ದಾರೆ ಎಂದು ಕೇಳುತ್ತಾರಲ್ಲ!

ಹೊರಗಿನವರನ್ನೇ ಬೈಯುತ್ತಿಲ್ಲ. ನಮ್ಮ ಸರ್ಕಾರದ ಸುಂಕದ ಆಟವೂ ನಮ್ಮ ಮನೆಯಲ್ಲೇ ನಡೆಯುತ್ತದೆ. ನಮ್ಮಲ್ಲಿ ಅಡುಗೆಮನೆಯ ಮೇಲೇ ಕೊಬ್ಬರಿಯ ಅಟ್ಟ. ಕೆಳಗಿದ್ದಾಗ ನಾನು ಗ್ರಾಹಕಿ, ಏಣಿ ಹತ್ತಿದರೆ ದೇಶೀಯ ಉದ್ಯಮ. ಪರದೇಶದ ಅಡುಗೆ ಎಣ್ಣೆಯ ಸುಂಕ ಇಳಿದ ದಿನ ನಾನು ಕೆಳಗೆ ಖುಷಿಯಾಗಿ ಬೋಂಡಾ ಕರಿಯುತ್ತೇನೆ; ಮೇಲಿನಿಂದ ನನ್ನ ಯಜಮಾನರು ದಯಾನಂದ್, "ಕೊಬ್ಬರಿ ರೇಟು ಬಿತ್ತು ಕಣೇ, ಒಲೆ ಆರಿಸು!" ಎಂದು ಕೂಗುತ್ತಾರೆ. ಸುಂಕ ಏರಿದ ದಿನ ಅವರು ಬೋಂಡಾ ಕೇಳುತ್ತಾರೆ, ನಾನು ಎಣ್ಣೆ ಡಬ್ಬ ಬಚ್ಚಿಡುತ್ತೇನೆ. ಏಣಿಯ ನಡುವೆ ನಿಂತರೆ ನಾನು ಯಾವ ಇಲಾಖೆಗೆ ಸೇರುತ್ತೇನೆ, ದಯವಿಟ್ಟು ತಿಳಿಸಿ.

ಇಷ್ಟು ಹೊತ್ತು ನಗಿಸಿದೆ. ಇನ್ನು ನಗುವ ಮಾತಿಲ್ಲ. ಈ ಭಾನುವಾರದೊಳಗೆ ನಿಮ್ಮ ದೃಢೀಕರಣ ತಲುಪದಿದ್ದರೆ ಸರಕು ಬೇಡವೆಂದು ಖರೀದಿದಾರ ಬರೆದಿದ್ದಾನೆ. ಅವನು ಬಿಟ್ಟರೆ ನಮಗೆ ಇನ್ನೊಬ್ಬನಿಲ್ಲ, ಯಂತ್ರ ನಿಲ್ಲುತ್ತದೆ. ನಿನ್ನೆ ಎಲ್ಲರೂ ಹೋದ ಮೇಲೆ ಹನುಮಕ್ಕ ಒಬ್ಬಳೇ ಉಳಿದಳು. "ಕಾಯಿ ಇಟ್ಟೋಳು ನಾನು ವನಜಕ್ಕ. ನನ್ನೊಬ್ಬಳ್ನ ತೆಗೆದ್ಬುಟ್ಟು ಮಿಕ್ಕೋರ್ನ ಮಡಿಕ್ಕಳಿ" ಎಂದಳು. ಎರಡು ದೇಶಗಳು ಸೇರಿ ಮಾಡಿದ ತಪ್ಪನ್ನು ಅವಳೊಬ್ಬಳು ಹೊತ್ತುಕೊಂಡು ನಿಂತಿದ್ದಳು. ನನಗೆ ಅಳು ಬಂತು.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. "ಇದು ತೆಂಗಿನಕಾಯಿ" ಎಂದು ಬರೆದು ಭಾನುವಾರದೊಳಗೆ ಸಹಿ ಹಾಕಿ ಕಳಿಸಿ. ಆಗದಿದ್ದರೆ ಸೋಮವಾರ ಬೆಳಿಗ್ಗೆ ಎಂಟಕ್ಕೆ ನೀವೇ ಬನ್ನಿ. ಒಂಬತ್ತೂ ಜನ ಬುತ್ತಿ ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ. ಮೊದಲು ಹನುಮಕ್ಕನ ಮುಖ ನೋಡಿ ತಪ್ಪು ಅವಳದಲ್ಲ ಎಂದು ಹೇಳಿ. ಕೆಲಸವಿಲ್ಲ ಎಂಬುದನ್ನು ಆಮೇಲೆ ಹೇಳಿ.

ಇಂತಿ,
ಭಾನುವಾರದವರೆಗೆ ಉದ್ಯಮಿಯಾಗಿರುವ
ವನಜಾಕ್ಷಿ
ಹಂದನಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕು