ಪೇಂಟಿನ ಡಬ್ಬಿಯಲ್ಲಿ ಬಂದ ಮಣ್ಣು

ಹಾಸ್ಟೆಲ್, ರೂಮು ೨೩
ಭಾನುವಾರ, ೧೪ನೇ ತಾರೀಖು

ಪ್ರೀತಿಯ ಅಕ್ಕಾ,

ಫೋನಿದ್ದೂ ಕಾಗದ ಬರೆದು ನಿನ್ನ ತಲೆ ತಿನ್ನುತ್ತಿರುವುದಕ್ಕೆ ಕ್ಷಮಿಸು. ಬುಧವಾರ ಫೋನಿನಲ್ಲೇ ಹೇಳೋಣವೆಂದು ಬಾಯಿ ತೆರೆದಿದ್ದೆ, ಭಾವ ಸ್ಪೀಕರ್ ಹಾಕಿ “ಏನಂತೆ ನಮ್ಮ ಗಾಬರಿರಾಣಿಗೆ?” ಅಂದರು, ಬಿಸಿಲಿನ ವಿಷಯ ಮಾತಾಡಿ ಇಟ್ಟುಬಿಟ್ಟೆ. ಹೇಗಿದ್ದೀಯಾ? ಬಸುರಿಗೆ ಏಳು ತಿಂಗಳಾಯಿತಲ್ಲ, ಕಾಲಿನ ಊತ ಇಳಿಯಿತಾ? ರಕ್ತ ಕಮ್ಮಿ ಅಂದಿದ್ದ ಡಾಕ್ಟರಮ್ಮ ಈಗ ಏನನ್ನುತ್ತಾರೆ?

ರಜೆ ಮುಗಿಸಿ ಬರುವಾಗ ಪ್ರಾಕ್ಟಿಕಲ್‌ಗೆಂದು ನೀನು ತುಂಬಿಕೊಟ್ಟ ಎರಡು ಮಣ್ಣಿನ ಕಥೆ ಕೇಳು. ಒಂದು ಬಾವಿ ನೀರು ಕುಡಿಯುವ ಮೇಲಿನ ಸೊಪ್ಪಿನ ಮಡಿಯದು, ಇನ್ನೊಂದು ಭಾವ ಊರ ಚರಂಡಿ ಕಾಲುವೆಯಿಂದ ಪೈಪು ಎಳೆದ ಕೆಳಗಿನ ಮಡಿಯದು. ಕುಂಡಗಳಲ್ಲಿ ಎರಡಕ್ಕೂ ಪಾಲಕ್ ಹಾಕಿದ್ದೆ. ಕೆಳಗಿನ ಮಣ್ಣು ಕಪ್ಪಗೆ, ಮೆತ್ತಗೆ. ಸಾರಜನಕ ದುಪ್ಪಟ್ಟು, ಗಿಡವೂ ಎತ್ತರ. ಪ್ರಾಕ್ಟಿಕಲ್ ಮೇಡಂ ಮುಟ್ಟಿ ನೋಡಿ “ಇದು ಮಣ್ಣಲ್ಲ ಕಣೇ, ಕೇಕು” ಅಂದಾಗ ಭಾವ ಮೀಸೆ ತಿರುವುವುದು ಕಣ್ಣಿಗೆ ಕಟ್ಟಿತು. ಆಮೇಲೆ ಎಲೆಯ ಅಂಚು ಸುಟ್ಟ ಹಾಗಾಯಿತು, ಉಪ್ಪು ಜಾಸ್ತಿಯಂತೆ. ಆ ಎಲೆ ಒಣಗಿಸಿ ಟೆಸ್ಟ್ ಮಾಡಿದರೆ ಸೀಸದ ವಿಷ, ಮಿತಿಯ ಎರಡು ಪಟ್ಟು. ಹಾಗಾದರೆ ಒಳ್ಳೆ ಮಣ್ಣಾ, ಕೆಟ್ಟ ಮಣ್ಣಾ? ಕೇಳಿದರೆ ಮೇಡಂ “ಎರಡೂ” ಅಂದರು. ಪರೀಕ್ಷೆಯಲ್ಲಿ ನಾನು ಹಾಗೆ ಬರೆದರೆ ಸೊನ್ನೆ ಕೊಡುತ್ತಾರೆ.

ಇಷ್ಟಾದ ಮೇಲೆ “ಮಣ್ಣು ಯಾತರಲ್ಲಿ ತಂದೆ?” ಅಂತ ಕೇಳಿದರು. ಮೇಲಿನದು ಬಟ್ಟೆ ಚೀಲದಲ್ಲಿ. ಕೆಳಗಿನದು ಒದ್ದೆಯಿದೆ, ಬಸ್ಸಿನಲ್ಲಿ ಸೋರುತ್ತೆ ಅಂತ ನೀನು ಗೇಟಿನ ನೀಲಿ ಪೇಂಟಿನ ಹಳೇ ಡಬ್ಬಿಗೆ ತುಂಬಿದ್ದೆಯಲ್ಲ, ನಾನೂ ಯೋಚಿಸದೆ ಹೊತ್ತು ತಂದೆ. ಮೇಡಂ ತಲೆ ಮೇಲೆ ಕೈಯಿಟ್ಟುಕೊಂಡರು. ಹಳೇ ಪೇಂಟಿನಲ್ಲೂ ಸೀಸ ಇರಬಹುದಂತೆ. ಈಗ ಅದು ಚರಂಡಿಯದೋ ಡಬ್ಬಿಯದೋ ಯಾರಿಗೂ ಗೊತ್ತಿಲ್ಲ. ಭಾವನ ಮೇಲೆ ಸುಮ್ಮನೆ ತಪ್ಪು ಹೊರಿಸಲಾರೆ, ಬಾಯಿ ಮುಚ್ಚಿಕೊಂಡಿರಲೂ ಆರೆ. ತಲೆ ಮೊಸರುಗಡಿಗೆಯಾಗಿದೆ.

ಭಾವನಿಗೆ ನಮಸ್ಕಾರ, ಹೊಟ್ಟೆಯೊಳಗಿನ ಮರಿಗೆ ಮುತ್ತು.

ನಿನ್ನ
ಗಾಬರಿರಾಣಿ

ಮರೆತಿದ್ದೆ: ರಕ್ತ ಏರಲಿ ಅಂತ ದಿನಾ ಒಂದು ಕಟ್ಟು ಪಾಲಕ್ ತಿನ್ನುತ್ತಿದ್ದೀಯಲ್ಲ, ಅದು ಯಾವ ಮಡಿಯದು? ಕೆಳಗಿನದೇ ಸೊಂಪಾಗಿರುತ್ತೆ, ನಿನಗೋಸ್ಕರ ಭಾವ ಅದನ್ನೇ ಆರಿಸಿ ಕೊಯ್ದು ತರುತ್ತಾರೆ ಅನ್ನೋದೇ ನನ್ನ ಭಯ. ಎಲೆಯೊಳಗೆ ಸೇರಿದ ಸೀಸ ತೊಳೆದರೆ ಹೋಗುವುದಿಲ್ಲ. ಕೆಳಗಿನ ಮಡಿಯ ಹೊಸ ಮಣ್ಣು ಬಟ್ಟೆ ಚೀಲದಲ್ಲಿ ಕಳಿಸು. ಅದರ ಟೆಸ್ಟ್ ರಿಪೋರ್ಟ್ ಬರುವವರೆಗೆ ಮೇಲಿನ ಮಡಿಯ ಬಡಕಲು ಸೊಪ್ಪೇ ಸಾಕು, ಭಾವ ನಕ್ಕರೆ ನಗಲಿ. ಬೇಗ ಉತ್ತರ ಬರಿ.